ತಿರುವಿಗಿಂತ ಮುಂಚಿನ ತಿರುವು

ಬೆಳಗಾವಿಯ ಆಟೋನಗರದಲ್ಲಿ ನಮ್ಮ ಕಾಕಾ ಇಪ್ಪತ್ತಾರು ವರ್ಷ ಟೈರ್ ರಿಮೋಲ್ಡಿಂಗ್ ಅಂಗಡಿ ನಡೆಸಿದರು. ಸವೆದು ಬಂದ ಲಾರಿಯ ಟೈರನ್ನು ಯಂತ್ರಕ್ಕೇರಿಸಿ, ಮೇಲಿನ ಹಳೆಯ ರಬ್ಬರನ್ನು ತರಿದು ತೆಗೆದು, ಹೊಸ ಪಟ್ಟಿ ಅಂಟಿಸಿ, ಕಾಯಿಸಿ ಕಳಿಸುವುದು ಅಲ್ಲಿನ ಕೆಲಸ. ಕಾಲೇಜಿನ ರಜೆಯಲ್ಲಿ ನಾನು ಲೆಕ್ಕ ಬರೆಯಲೆಂದು ಅಲ್ಲಿ ಕೂರುತ್ತಿದ್ದೆ. ಟೈರ್ ಒಳಗೆ ಬಂದೊಡನೆ ಕಾಕಾ ಅಂಗೈಯನ್ನು ಅದರ ಮೈಮೇಲೆ ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ ಎಳೆಯುತ್ತಿದ್ದರು. ಹೋಗುವಾಗ ನುಣುಪಾಗಿ ಸರಿದ ಕೈ ಮರಳುವಾಗ ಗರಗಸದ ಹಲ್ಲಿಗೆ ಸಿಕ್ಕಂತೆ ತಡೆದರೆ, ಗಾಲಿ ನೇರವಾಗಿ ಉರುಳದೆ ಓರೆಯಾಗಿ ಉಜ್ಜಿಕೊಂಡು ಹೋಗುತ್ತಿದೆ ಎಂದು ಅರ್ಥ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಕೊಲ್ಲಾಪುರದ ಕಡೆ ಹೆದ್ದಾರಿಯಲ್ಲೇ ಓಡುವ ಲಾರಿಯ ಟೈರುಗಳು ಮಟ್ಟಸವಾಗಿ ಸವೆದಿರುತ್ತಿದ್ದವು. ಅನಮೋಡ ಘಾಟ್ ಇಳಿದು ಗೋವಾಕ್ಕೆ ಹೋಗಿ ಬರುವ ಲಾರಿಯ ಮುಂದಿನ ಗಾಲಿಗಳು ಅಂಚು ಕರಗಿಸಿಕೊಂಡು ಬರುತ್ತಿದ್ದವು. "ರಸ್ತೆ ಹೆಂಗೈತಿ ಅನ್ನೂದು ಡ್ರೈವರ್ ಹೇಳೂದು ಬ್ಯಾಡ, ಗಾಲಿನ ಹೇಳತೈತಿ" ಎನ್ನುತ್ತಿದ್ದರು.

2011ರ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ರೇಸು ನಡೆದಾಗ, ಅಂಗಡಿಯ ಸಣ್ಣ ಟಿವಿಯಲ್ಲಿ ಅದನ್ನು ಹಚ್ಚಿಕೊಂಡು ಕೂತಿದ್ದೆ. ಭಾನುವಾರವಾದ್ದರಿಂದ ಕೆಲಸ ಕಡಿಮೆಯಿತ್ತು. ಕಾರುಗಳ ವೇಗ ಕಾಕಾನ ಮನಸ್ಸಿಗೆ ಹಿಡಿಸಲಿಲ್ಲ. ಪಿಟ್‌ಗೆ, ಅಂದರೆ ಟೈರ್ ಬದಲಿಸುವ ದಾರಿಬದಿಯ ಜಾಗಕ್ಕೆ, ಬಂದ ಕಾರಿನ ನಾಲ್ಕೂ ಗಾಲಿಗಳನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಿಚ್ಚಿ ಬೇರೆ ನಾಲ್ಕು ಹಾಕಿದ್ದನ್ನು ಕಂಡಾಗ ಮಾತ್ರ ಅವರು ಎದ್ದು ಟಿವಿಯ ಹತ್ತಿರಕ್ಕೆ ಬಂದರು. "ನಾಕೂ ಯಾಕ ತಗೀತಾರ ತಮ್ಮಾ? ಮೊದಲ ಸವಿಯೂದು ಯಾವುದು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. "ಹಂಗಾದ್ರ ದಾರಿ ತಗದ ತೋರಸು" ಎಂದರು.

ಬಫಿಂಗ್ ಯಂತ್ರದಿಂದ ಉದುರಿದ ರಬ್ಬರ್ ಪುಡಿ ನೆಲದ ಮೇಲೆ ಕಪ್ಪಗೆ ದಪ್ಪವಾಗಿ ಕೂತಿತ್ತು. ಟಿವಿಯಲ್ಲಿ ಆಗಾಗ ತೋರಿಸುತ್ತಿದ್ದ ನಕ್ಷೆಯನ್ನು ನೋಡಿಕೊಂಡು, ಆ ಪುಡಿಯ ಮೇಲೆ ಬೆರಳಿನಿಂದ ಸರ್ಕ್ಯೂಟಿನ ಗೆರೆ ಎಳೆದೆ. ಕಾಕಾ ಕುಕ್ಕರಗಾಲಲ್ಲಿ ಕೂತು, ನನ್ನ ಗೆರೆಯ ಮೇಲೆ ತಮ್ಮ ಬೆರಳನ್ನು ನಿಧಾನಕ್ಕೆ ನಡೆಸುತ್ತ, ಪ್ರತಿ ತಿರುವಿಗೂ ಎಡ ಬಲ ಎಂದು ಬಾಯಲ್ಲೇ ಎಣಿಸಿದರು. ಸುತ್ತು ಮುಗಿದ ಮೇಲೆ, "ಬಲಕ್ಕ ತಿರುಗೂದು ಭಾಳ ಐತಿ, ಎಡಗಡೆ ಗಾಲಿ ಮೊದಲ ಸಾಯತಾವ" ಎಂದರು. ರೇಸಿಂಗ್ ಸರ್ಕ್ಯೂಟಿನ ಬಗ್ಗೆ ನಾನು ಮುಂದೆ ಓದಿ ನೋಡಿ ತಿಳಿದುಕೊಂಡದ್ದೆಲ್ಲ ಆ ಒಂದು ಮಾತಿನಿಂದ ಶುರುವಾಯಿತು.

ಘಾಟ್ ರಸ್ತೆಗೂ ರೇಸಿಂಗ್ ಸರ್ಕ್ಯೂಟಿಗೂ ಇರುವ ದೊಡ್ಡ ವ್ಯತ್ಯಾಸ ಅದೇ. ಘಾಟ್ ಇಳಿಯುವಾಗ ಬಲಕ್ಕಿದ್ದ ತಿರುವು ಹತ್ತುವಾಗ ಎಡಕ್ಕಾಗುತ್ತದೆ. ಹೋಗಿ ಬರುವ ಲಾರಿಗೆ ಕೊನೆಗೆ ಎಡ ಬಲ ಸರಿಹೋಗುತ್ತದೆ. ಸರ್ಕ್ಯೂಟು ಹೊರಟಲ್ಲಿಗೇ ಬಂದು ಸೇರುವ ದಾರಿ. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಓಡುವ ಸರ್ಕ್ಯೂಟಿನಲ್ಲಿ ಎಷ್ಟೇ ಎಡ ತಿರುವುಗಳಿರಲಿ, ಒಂದು ಸುತ್ತು ಮುಗಿಯುವ ಹೊತ್ತಿಗೆ ಕಾರು ಒಟ್ಟಾರೆ ಬಲಕ್ಕೆ 360 ಡಿಗ್ರಿ ಹೆಚ್ಚು ತಿರುಗಿರಲೇಬೇಕು. ಬಲಕ್ಕೆ ತಿರುಗುವಾಗ ಭಾರ ಎಡಗಡೆಯ ಗಾಲಿಗಳ ಮೇಲೆ ಬೀಳುತ್ತದೆ, ಮತ್ತು ಅದು ಸುತ್ತುಸುತ್ತಿಗೂ ಕೂಡುತ್ತಲೇ ಹೋಗುತ್ತದೆ. ಈ ಲೆಕ್ಕದಿಂದ ತಪ್ಪಿಸಿಕೊಂಡಿರುವುದು ಫಾರ್ಮುಲಾ ಒನ್‌ನಲ್ಲಿ ಜಪಾನಿನ ಸುಜುಕಾ ಮಾತ್ರ. ಡಚ್ ವಿನ್ಯಾಸಕಾರ ಜಾನ್ ಹುಗೆನ್‌ಹೋಲ್ಟ್ಸ್ ರೂಪಿಸಿ 1962ರಲ್ಲಿ ತೆರೆದ, 5.807 ಕಿಲೋಮೀಟರ್ ಉದ್ದದ ಆ ಸರ್ಕ್ಯೂಟು ಇಂಗ್ಲಿಷಿನ ಎಂಟರ ಅಂಕಿಯಂತಿದ್ದು, ಒಂದು ಕಡೆ ತನ್ನ ಮೇಲೆ ತಾನೇ ಸೇತುವೆಯಾಗಿ ದಾಟುತ್ತದೆ. ಅರ್ಧ ದಾರಿ ಬಲಸುತ್ತು, ಇನ್ನರ್ಧ ಎಡಸುತ್ತು. ಕೂಡಿ ಕಳೆದರೆ ಸೊನ್ನೆ. ಹಾಗೆಂದು ಸುಜುಕಾ ಟೈರಿಗೆ ಹಗುರವೆಂದು ತಿಳಿಯಬಾರದು. ಅಲ್ಲಿನ ತಿರುವುಗಳು ವೇಗದವು, ಒಂದರ ಬೆನ್ನಿಗೆ ಒಂದು ಬರುವಂಥವು. ಎರಡೂ ಬದಿಯ ಟೈರುಗಳು ಹೆಚ್ಚುಕಡಿಮೆ ಸಮನಾಗಿ ದಣಿಯುತ್ತವೆ ಎಂಬುದಷ್ಟೇ ಅದರ ವಿಶೇಷ.

ತಿರುವುಗಳ ಸಂಖ್ಯೆ ಎಣಿಸಿದರೆ ಸಾಲದು, ಪ್ರತಿ ತಿರುವಿನ ವೇಗ ಮತ್ತು ಉದ್ದವನ್ನೂ ತೂಗಬೇಕು. ಒಂದೇ ಅಗಲದ ಬಾಗನ್ನು ಗಂಟೆಗೆ 100 ಕಿಲೋಮೀಟರಿನಲ್ಲಿ ಸುತ್ತುವುದಕ್ಕಿಂತ 200ರಲ್ಲಿ ಸುತ್ತಲು ಟೈರು ನಾಲ್ಕು ಪಟ್ಟು ಅಡ್ಡಬಲವನ್ನು ತಡೆದುಕೊಳ್ಳಬೇಕು; ವೇಗ ಇಮ್ಮಡಿಯಾದರೆ ಬಲ ನಾಲ್ವಡಿಯಾಗುತ್ತದೆ. ಆದ್ದರಿಂದ ನಿಧಾನದ ಹತ್ತು ತಿರುವುಗಳು ಮಾಡದ ಕೆಲಸವನ್ನು ವೇಗದ ಒಂದು ತಿರುವು ಮಾಡಿಬಿಡುತ್ತದೆ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಇದಕ್ಕೆ ಹೆಸರಾದ ಜಾಗ. ಕಾಪ್ಸ್, ಮ್ಯಾಗಟ್ಸ್, ಬೆಕೆಟ್ಸ್ ಎಂಬ ಅಲ್ಲಿನ ತಿರುವುಗಳಲ್ಲಿ ಕಾರು ಹೆಚ್ಚು ನಿಧಾನವಾಗದೆ ಪಕ್ಕಕ್ಕೆ ಎಸೆದಂತೆ ಸಾಗುತ್ತದೆ. ಎಡಗಡೆಯ ಮುಂದಿನ ಟೈರು ಬೇರೆಲ್ಲ ಟೈರಿಗಿಂತ ಹೆಚ್ಚು ಸಹಿಸಬೇಕಾಗುತ್ತದೆ. 2020ರಲ್ಲಿ ಅಲ್ಲಿ ನಡೆದ ಬ್ರಿಟಿಷ್ ಗ್ರ್ಯಾನ್ ಪ್ರಿ ರೇಸಿನಲ್ಲಿ, ಅಪಘಾತವಾದಾಗ ಎಲ್ಲರನ್ನೂ ನಿಧಾನಕ್ಕೆ ನಡೆಸುವ ಸೇಫ್ಟಿ ಕಾರಿನ ಸಮಯದಲ್ಲಿ ಟೈರ್ ಬದಲಿಸಿದ ತಂಡಗಳು ಅದೇ ಒಂದು ಜೊತೆ (ಸೆಟ್) ಟೈರುಗಳಲ್ಲಿ ಕೊನೆಯ ತನಕ ಓಡಲು ಹೊರಟವು. ಕೊನೆಯ ಕೆಲವು ಸುತ್ತುಗಳಲ್ಲಿ ವಾಲ್ಟೇರಿ ಬೋಟಾಸ್, ಕಾರ್ಲೋಸ್ ಸೈಂಜ್ ಮತ್ತು ಲೂಯಿಸ್ ಹ್ಯಾಮಿಲ್ಟನ್ ಮೂವರ ಟೈರೂ ಕೈಕೊಟ್ಟಿತು, ಮೂವರದ್ದೂ ಎಡಗಡೆಯ ಮುಂದಿನದೇ. ಕೊನೆಯ ಸುತ್ತಿನಲ್ಲಿದ್ದ ಹ್ಯಾಮಿಲ್ಟನ್ ಮಾತ್ರ ಉಳಿದ ಮೂರು ಗಾಲಿಗಳ ಮೇಲೆ ಕಾರನ್ನು ಎಳೆದುಕೊಂಡು ಬಂದು ಗೆದ್ದರು. ಆ ದೃಶ್ಯವನ್ನು ಮೊಬೈಲಿನಲ್ಲಿ ತೋರಿಸಿದಾಗ ಕಾಕಾ ಕೇಳಿದ್ದು ಒಂದೇ, ಆ ದಾರಿ ಬಲಕ್ಕೆ ತಿರುಗುತ್ತದಲ್ಲವೇ ಎಂದು.

ಟರ್ಕಿಯ ಇಸ್ತಾಂಬುಲ್ ಪಾರ್ಕ್ ಸರ್ಕ್ಯೂಟು ಇದಕ್ಕೆ ಕನ್ನಡಿ ಹಿಡಿದಂತೆ ತಿರುವುಮುರುವಾಗಿದೆ. ಅಲ್ಲಿ ಓಟ ಗಡಿಯಾರದ ಎದುರು ದಿಕ್ಕಿನದು, ಎಂಟನೆಯ ತಿರುವು ನಾಲ್ಕು ಬಾಗುಗಳನ್ನು ಒಂದೇ ಉಸಿರಿನಲ್ಲಿ ಪೋಣಿಸಿದಂಥ ಉದ್ದದ ಎಡ ತಿರುವು. ಕಾರು ಎಂಟು ಸೆಕೆಂಡಿನ ಆಸುಪಾಸು ಒಂದೇ ಬದಿಗೆ ವಾಲಿಕೊಂಡು ಓಡುತ್ತದೆ. ಅಷ್ಟು ಹೊತ್ತೂ ಬಲಗಡೆಯ ಮುಂದಿನ ಟೈರಿಗೆ ತಣಿಯಲು ಬಿಡುವೇ ಸಿಗುವುದಿಲ್ಲ. ಟೈರಿನ ಸಾವಿನಲ್ಲಿ ಈ ಬಿಡುವು ಎಂಬುದು ದೊಡ್ಡ ಮಾತು. ರಬ್ಬರ್ ಉಜ್ಜಿಕೊಂಡಾಗ ಕಾಯುತ್ತದೆ, ನೇರ ರಸ್ತೆಯಲ್ಲಿ ಗಾಳಿಗೆ ತಣಿಯುತ್ತದೆ. ತಿರುವು, ನೇರ, ತಿರುವು, ನೇರ ಎಂದು ಬಿಡಿಸಿಟ್ಟ ಸರ್ಕ್ಯೂಟಿನಲ್ಲಿ ಅದೇ ಟೈರು ಬಹಳ ಸುತ್ತು ಬಾಳುತ್ತದೆ. ತಿರುವಿಗೆ ತಿರುವು ಅಂಟಿಸಿದಲ್ಲಿ ಬೇಗ ಸೋಲುತ್ತದೆ.

ಅಡ್ಡಬಲವಲ್ಲದೆ ಉದ್ದಬಲವೂ ಇದೆ. ಗಂಟೆಗೆ 320 ಕಿಲೋಮೀಟರಿನಲ್ಲಿ ಬರುವ ಕಾರು 80ಕ್ಕೆ ಇಳಿಯಬೇಕಾದರೆ ಅದರ ಚಲನೆಯ ಶಕ್ತಿಯಲ್ಲಿ ಹದಿನಾರರಲ್ಲಿ ಹದಿನೈದು ಪಾಲನ್ನು ಕೆಲವೇ ಕ್ಷಣಗಳಲ್ಲಿ ಕಳೆಯಬೇಕು. ಬ್ರೇಕು ಎಷ್ಟೇ ಬಲವಾಗಿರಲಿ, ನೆಲವನ್ನು ಹಿಡಿಯುವುದು ಟೈರೇ. ಅನಂತರ ಆ ನಿಧಾನದ ತಿರುವಿನಿಂದ ಹೊರಬಿದ್ದು ಮತ್ತೆ ವೇಗ ಹಿಡಿಯುವಾಗ ಹಿಂದಿನ ಗಾಲಿಗಳು ಸುಡುತ್ತವೆ. ಬಹರೈನ್ ಇಂಥ ಸರ್ಕ್ಯೂಟು: ನೇರ ರಸ್ತೆ, ಜೋರು ಬ್ರೇಕು, ನಿಧಾನದ ತಿರುವು, ಮತ್ತೆ ನೇರ ರಸ್ತೆ. ಮರುಭೂಮಿಯ ಮರಳು, ಒರಟು ಡಾಂಬರು ಎರಡೂ ಸೇರಿ ಅಲ್ಲಿ ಹಿಂದಿನ ಟೈರುಗಳು ಮೊದಲು ಸೋಲುತ್ತವೆ. ಹೀಗೆ ಒಂದು ಸರ್ಕ್ಯೂಟಿನಲ್ಲಿ ಮುಂದಿನ ಎಡ ಟೈರು, ಇನ್ನೊಂದರಲ್ಲಿ ಹಿಂದಿನ ಎರಡೂ ಟೈರುಗಳು ರೇಸಿನ ಮಿತಿಯನ್ನು ನಿರ್ಧರಿಸುತ್ತವೆ, ಮತ್ತು ಯಾವ ಕಾರು ಯಾವ ಟೈರನ್ನು ಕಾಪಾಡಿಕೊಳ್ಳಬಲ್ಲದು ಎಂಬುದರ ಮೇಲೆ ಒಂದು ಭಾನುವಾರ ಗೆದ್ದ ಕಾರು ಮುಂದಿನ ಭಾನುವಾರ ಸೋಲುತ್ತದೆ.

ನೆಲದ ಬಗ್ಗೆ ಹೇಳದಿದ್ದರೆ ವಿಜಯಪುರ, ಬಾಗಲಕೋಟೆ ಕಡೆಯ ಓದುಗರಿಗೆ ಅನ್ಯಾಯವಾದೀತು. ಎರೆಭೂಮಿಯ ಮೇಲೆ ರಸ್ತೆ ಮಾಡಿದರೆ ಅದು ಎರಡು ಮಳೆಗಾಲದಲ್ಲಿ ಅಲೆಯಲೆಯಾಗುವುದನ್ನು ನಾವೆಲ್ಲ ಬಲ್ಲೆವು. ನೀರು ಕುಡಿದಾಗ ಉಬ್ಬುವ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುವ ಮಣ್ಣು ಅದು. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಬಳಿ ಇರುವ ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್ ಅಂಥದೇ ಜಿಗುಟು ಮಣ್ಣಿನ ಮೇಲೆ ನಿಂತಿದೆ. ಅದರ ಉಬ್ಬುತಗ್ಗುಗಳ ಬಗ್ಗೆ ಕಾರು ಮತ್ತು ಬೈಕು ಸವಾರರಿಬ್ಬರೂ ದೂರಿ, ಹಲವು ಕಡೆ ಮೇಲ್ಮೈಯನ್ನು ಮತ್ತೆ ಹಾಕಬೇಕಾಯಿತು. ಉಬ್ಬಿನ ಮೇಲೆ ಗಾಲಿ ಒಂದು ಕ್ಷಣ ಹಗುರವಾಗಿ ಜಾರುತ್ತದೆ, ಇಳಿದಾಗ ಒಮ್ಮೆಲೇ ಭಾರ ಹೊರುತ್ತದೆ. ಎರಡೂ ರಬ್ಬರಿಗೆ ಒಳ್ಳೆಯದಲ್ಲ. ಇನ್ನೊಂದು ತುದಿಯಲ್ಲಿ ರಷ್ಯಾದ ಸೋಚಿ ಇತ್ತು. 2014ರಲ್ಲಿ ಅಲ್ಲಿ ಮೊದಲ ರೇಸು ನಡೆದಾಗ ಹೊಸ ಡಾಂಬರು ಎಷ್ಟು ನುಣುಪಾಗಿತ್ತೆಂದರೆ, ಮೊದಲ ಸುತ್ತಿನ ಕೊನೆಗೇ ಟೈರ್ ಬದಲಿಸಿದ ನಿಕೊ ರೋಸ್‌ಬರ್ಗ್ ಉಳಿದ 52 ಸುತ್ತುಗಳನ್ನೂ ಒಂದೇ ಜೊತೆಯಲ್ಲಿ ಓಡಿ ಎರಡನೆಯವರಾದರು. ಟೈರ್ ಸವೆಯದ ಆ ರೇಸು ಬಹಳ ಜನರಿಗೆ ನೆನಪಿಲ್ಲ. ಅದಕ್ಕೂ ಕಾರಣವಿದೆ.

ಹಿಂದಿಕ್ಕಬೇಕಾದರೆ ಎರಡು ಕಾರುಗಳ ನಡುವೆ ವ್ಯತ್ಯಾಸ ಬೇಕು. ಶನಿವಾರದ ಅರ್ಹತಾ ಸುತ್ತು ಕಾರುಗಳನ್ನು ವೇಗದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿರುತ್ತದೆ. ಮುಂದಿರುವವನು ಹೆಚ್ಚುಕಡಿಮೆ ವೇಗವಾಗಿರುವುದರಿಂದಲೇ ಮುಂದಿದ್ದಾನೆ. ಆ ಕ್ರಮ ಕಲಕಬೇಕಾದರೆ ಯಾರದೋ ಟೈರು ಇನ್ನೊಬ್ಬರ ಟೈರಿಗಿಂತ ಬೇಗ ಸೋಲಬೇಕು, ಅಥವಾ ಯಾರೋ ಮೊದಲೇ ಹೊಸ ಟೈರು ಹಾಕಿಕೊಂಡು ಬರಬೇಕು. ಸರ್ಕ್ಯೂಟಿನ ನಕ್ಷೆ ಟೈರನ್ನು ಸವೆಸಿ ವ್ಯತ್ಯಾಸ ಹುಟ್ಟಿಸುತ್ತದೆ. ಆ ವ್ಯತ್ಯಾಸವನ್ನು ಬಳಸಿಕೊಳ್ಳಲು ಜಾಗ ಕೊಡಬೇಕಾದದ್ದೂ ಅದೇ ನಕ್ಷೆ. ಸವೆತ ಒಂದು ವಿಷಯ, ಓವರ್‌ಟೇಕ್ ಇನ್ನೊಂದು ವಿಷಯ ಎಂದು ಬೇರೆ ಬೇರೆ ಬರೆಯುವವರನ್ನು ಓದಿದಾಗ ನನಗೆ ಸಮಾಧಾನವಾಗುವುದಿಲ್ಲ.

ಉದ್ದನೆಯ ನೇರ ರಸ್ತೆ ಇದ್ದರೆ ಓವರ್‌ಟೇಕ್ ಆಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಒಂದು ಲೆಕ್ಕ ಹಾಕಿ ನೋಡೋಣ. ಹಿಂದಿನ ಕಾರು ಮುಂದಿನದಕ್ಕಿಂತ ಸರಿಯಾಗಿ ಒಂದು ಸೆಕೆಂಡ್ ಹಿಂದಿದೆ ಎನ್ನೋಣ. ಗಂಟೆಗೆ 60 ಕಿಲೋಮೀಟರಿನ ಹೇರ್‌ಪಿನ್‌ನಲ್ಲಿ, ಅಂದರೆ ಬಂದ ಕಡೆಗೇ ಮರಳುವಂಥ ಕಡಿದಾದ ತಿರುವಿನಲ್ಲಿ, ಆ ಒಂದು ಸೆಕೆಂಡ್ ಎಂದರೆ 17 ಮೀಟರ್. ಕಣ್ಣಿಗೆ ಮುಂದಿನ ಕಾರಿಗೆ ಮೂಗು ತಾಗಿಸಿದಂತೆಯೇ ಕಾಣುತ್ತದೆ. ಆದರೆ ಮುಂದಿನವನು ಮೊದಲು ತಿರುವು ಮುಗಿಸುತ್ತಾನೆ, ಮೊದಲು ಆಕ್ಸಿಲರೇಟರ್ ಒತ್ತುತ್ತಾನೆ. ಇಬ್ಬರೂ 300 ಕಿಲೋಮೀಟರ್ ವೇಗ ಮುಟ್ಟುವ ಹೊತ್ತಿಗೆ ಅದೇ ಒಂದು ಸೆಕೆಂಡ್ 83 ಮೀಟರ್ ಆಗಿರುತ್ತದೆ. ಯಾರೂ ಸೋತಿಲ್ಲ, ಯಾರೂ ಗೆದ್ದಿಲ್ಲ, ಆದರೂ ನಡುವಿನ ಅಂತರ ಐದು ಪಟ್ಟು ಹಿಗ್ಗಿದೆ. ಚನ್ನಮ್ಮ ಸರ್ಕಲ್‌ನ ಸಿಗ್ನಲ್ ಬಿಟ್ಟಾಗ ಒತ್ತಿ ನಿಂತಿದ್ದ ಗಾಡಿಗಳು ಸಾಲಾಗಿ ಬಿಡಿಸಿಕೊಳ್ಳುವುದು ಇದೇ ಲೆಕ್ಕದಿಂದ. ಆದ್ದರಿಂದ ನೇರ ರಸ್ತೆಯ ಮುಂಚೆ ತೀರಾ ನಿಧಾನದ ತಿರುವೊಂದನ್ನು ಇಟ್ಟು, ಅದಕ್ಕೂ ಮುಂಚೆ ಕಾರುಗಳನ್ನು ಒಂದರ ಹಿಂದೊಂದು ಮಾತ್ರ ಹೋಗುವಂತೆ ಹಿಂಡಿದರೆ, ನೇರ ರಸ್ತೆ ಎಷ್ಟು ಉದ್ದವಿದ್ದರೂ ಹಿಂದಿನವನಿಗೆ ಅದು ಸಾಲದಾಗುತ್ತದೆ.

ಇದಕ್ಕೆ 2010ರ ಅಬುಧಾಬಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಅದು ಆ ವರ್ಷದ ಕೊನೆಯ ರೇಸು. ಫೆರಾರಿಯ ಫರ್ನಾಂಡೊ ಅಲೊನ್ಸೊ ಅಂಕಪಟ್ಟಿಯಲ್ಲಿ ಮುಂದಿದ್ದರು. ತಮ್ಮ ಸಮೀಪದ ಎದುರಾಳಿ ಮಾರ್ಕ್ ವೆಬ್ಬರ್ ಟೈರ್ ಬದಲಿಸಿದರೆಂದು ಅವರನ್ನು ತಡೆಯಲು ಅಲೊನ್ಸೊ ಕೂಡ ಬೇಗನೆ ಪಿಟ್‌ಗೆ ಬಂದರು. ಹೊರಗೆ ಹೋದಾಗ ರೆನೋ ಕಾರಿನ ವಿಟಾಲಿ ಪೆಟ್ರೋವ್ ಎದುರಿಗಿದ್ದರು. ಪೆಟ್ರೋವ್ ಮೊದಲ ಸುತ್ತಿನ ಸೇಫ್ಟಿ ಕಾರಿನ ಸಮಯದಲ್ಲೇ ಟೈರ್ ಬದಲಿಸಿ ಮುಗಿಸಿದ್ದರು. ಅಂದಿನ ಬ್ರಿಡ್ಜ್‌ಸ್ಟೋನ್ ಟೈರುಗಳು ಗಟ್ಟಿ, ಆ ಸರ್ಕ್ಯೂಟಿನ ಡಾಂಬರು ನುಣುಪು. ಅವರು ಅದೇ ಜೊತೆಯಲ್ಲಿ ಕೊನೆಯ ತನಕ ಹಿಡಿತ ಬಿಡದೆ ಓಡಿದರು. ಅಲೊನ್ಸೊ ಸುಮಾರು ನಲವತ್ತು ಸುತ್ತು ಅವರ ಬೆನ್ನಿಗಿದ್ದರು. ಸರ್ಕ್ಯೂಟಿನಲ್ಲಿ ನೇರ ರಸ್ತೆಗೆ ಕೊರತೆಯಿರಲಿಲ್ಲ. ಒಂದಂತೂ ಒಂದು ಕಿಲೋಮೀಟರಿಗಿಂತ ಉದ್ದವಿತ್ತು. ಆದರೆ ಅದರ ಮುಂಚೆ ಹೇರ್‌ಪಿನ್, ಹೇರ್‌ಪಿನ್‌ನ ಮುಂಚೆ ಇಕ್ಕಟ್ಟಾದ ಶಿಕೇನ್, ಅಂದರೆ ವೇಗ ತಗ್ಗಿಸಲೆಂದು ಇಟ್ಟ ಎಡ ಬಲದ ಸೊಟ್ಟ ತಿರುವುಗಳು. ಪ್ರತಿ ಸುತ್ತಿನಲ್ಲೂ ಶಿಕೇನ್‌ನಲ್ಲಿ ಅಲೊನ್ಸೊ ಹತ್ತಿರ ಬರುವರು, ಹೇರ್‌ಪಿನ್‌ನಿಂದ ಹೊರಬೀಳುವಾಗ ಪೆಟ್ರೋವ್ ಮತ್ತೆ ಕೈಗೆ ಸಿಗದಂತೆ ಸರಿದುಹೋಗುವರು. ರೆನೋ ನೇರ ರಸ್ತೆಯಲ್ಲಿ ಚುರುಕಾಗಿಯೂ ಇತ್ತು. ಅಲೊನ್ಸೊ ಏಳನೆಯವರಾಗಿ ಮುಗಿಸಿದರು, ಗೆದ್ದ ಸೆಬಾಸ್ಟಿಯನ್ ವೆಟ್ಟೆಲ್ 23ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದರು. ಸವೆಯದ ಟೈರು ಮತ್ತು ತಪ್ಪು ಜಾಗದಲ್ಲಿದ್ದ ಒಂದು ಶಿಕೇನ್ ಸೇರಿ ಒಂದು ಇಡೀ ವರ್ಷದ ಫಲಿತಾಂಶವನ್ನು ಬದಲಿಸಿದವು ಎಂದೇ ನಾನು ನಂಬಿದ್ದೇನೆ. 2021ರಲ್ಲಿ ಆ ಶಿಕೇನ್ ತೆಗೆದು, ಹೇರ್‌ಪಿನ್ ಅನ್ನು ಅಗಲಿಸಿ, ಇನ್ನೊಂದು ಕಡೆ ಚಿಕ್ಕ ಚಿಕ್ಕ ತಿರುವುಗಳ ಗುಂಪನ್ನು ಕಿತ್ತು ಒಂದೇ ಉದ್ದನೆಯ ವಾಲು ತಿರುವು ಮಾಡಿದರು.

ಒಳ್ಳೆಯ ಉದಾಹರಣೆ ಬೇಕಿದ್ದರೆ ಬೆಲ್ಜಿಯಂನ ಸ್ಪಾ. ಲಾ ಸೂರ್ಸ್ ಎಂಬ ನಿಧಾನದ ಹೇರ್‌ಪಿನ್ ದಾಟಿ ಇಳಿಜಾರಿನಲ್ಲಿ ಇಳಿದ ಕಾರು ಓ ರೂಜ್ ಮತ್ತು ರೇಡಿಯೋನ್ ಏರನ್ನು ಪೂರ್ಣ ವೇಗದಲ್ಲೇ ಹತ್ತಿ ಕೆಮ್ಮೆಲ್ ನೇರ ರಸ್ತೆಗೆ ಬೀಳುತ್ತದೆ. ಅಂದರೆ ಹೇರ್‌ಪಿನ್‌ನಿಂದ ಹೊರಬೀಳುವಾಗ ಯಾರ ಹಿಂದಿನ ಟೈರು ಚೆನ್ನಾಗಿ ಹಿಡಿಯಿತೋ ಅವರ ಲಾಭ ಬಹಳ ದೂರದ ತನಕ ಬೆಳೆಯುತ್ತಲೇ ಹೋಗುತ್ತದೆ, ನಡುವೆ ಬ್ರೇಕು ಹಾಕುವ ಜಾಗವೇ ಇಲ್ಲ. 2000ನೇ ಇಸವಿಯಲ್ಲಿ ಮಿಕಾ ಹ್ಯಾಕಿನೆನ್ ಮೈಕೆಲ್ ಶುಮಾಕರ್ ಅವರನ್ನು, ನಡುವೆ ಒಂದು ಸುತ್ತು ಹಿಂದಿದ್ದ ರಿಕಾರ್ಡೊ ಜೊಂಟಾ ಅವರ ಕಾರನ್ನು ಬಿಟ್ಟು ಇಬ್ಬದಿಯಿಂದ ಹಾದು ಹಿಂದಿಕ್ಕಿದ್ದು ಆ ರಸ್ತೆಯ ಕೊನೆಯಲ್ಲೇ. ಎಲ್ಲರೂ ನೆನಪಿಟ್ಟುಕೊಂಡಿರುವುದು ಆ ಕೊನೆಯನ್ನು. ನನಗೆ ಅದರ ಬೇರು ಕೆಳಗೆ, ಇಳಿಜಾರಿನ ಆಚೆ ಕಾಣುತ್ತದೆ.

ನಮ್ಮ ಬುದ್ಧ ಸರ್ಕ್ಯೂಟನ್ನು ರೂಪಿಸಿದ ಹರ್ಮನ್ ಟಿಲ್ಕೆ ಅವರ ಬಗ್ಗೆ ಟೀಕೆಗಳು ಬಹಳ. ಆದರೆ 5.125 ಕಿಲೋಮೀಟರಿನ ಆ ದಾರಿಯಲ್ಲಿ ಮೂರನೆಯ ತಿರುವನ್ನು ನಾನು ಮೆಚ್ಚುತ್ತೇನೆ. ಅದಾದ ಮೇಲೆ ಒಂದು ಕಿಲೋಮೀಟರಿಗಿಂತ ಉದ್ದದ ನೇರ ರಸ್ತೆ ಬರುತ್ತದೆ. ಆ ತಿರುವಿನ ಬಾಯಿಯನ್ನು ಬೇಕೆಂದೇ ಅಗಲ ಮಾಡಿದ್ದಾರೆ. ಒಬ್ಬ ಒಳಗಿನಿಂದ ನುಗ್ಗಿದರೆ ಇನ್ನೊಬ್ಬ ಹೊರಗಿನಿಂದ ಅಗಲಕ್ಕೆ ಬಂದು, ತಡವಾಗಿ ತಿರುಗಿ, ಹೊರಬೀಳುವಾಗ ಹೆಚ್ಚು ವೇಗ ಪಡೆಯಬಹುದು. ಓವರ್‌ಟೇಕಿಗೆ ಬೇಕಾದ ಆಯ್ಕೆಯನ್ನು ನೇರ ರಸ್ತೆಯ ಕೊನೆಗೆ ಇಡುವ ಬದಲು ಅದರ ಹುಟ್ಟಿನಲ್ಲೇ ಇಟ್ಟಿರುವುದು ಸರಿಯಾದ ಆಲೋಚನೆ. 2011ರಿಂದ 2013ರ ತನಕ ಮೂರು ಬಾರಿಯೂ ವೆಟ್ಟೆಲ್ ಗೆದ್ದರು, ಆಮೇಲೆ ಫಾರ್ಮುಲಾ ಒನ್ ಅಲ್ಲಿಗೆ ಬರಲಿಲ್ಲ. ಆ ತಿರುವು ಏನೆಲ್ಲ ಮಾಡಬಹುದಿತ್ತು ಎಂದು ಪೂರ್ತಿ ನೋಡಲು ನಮಗೆ ಸಿಗಲಿಲ್ಲವೆಂಬ ಕೊರಗು ನನಗಿನ್ನೂ ಇದೆ.

ಅಗಲ ಮಾಡಿದರೆ ಸಾಕೇ ಎಂದರೆ ಅಲ್ಲೂ ಟೈರು ಬಂದು ಅಡ್ಡ ನಿಲ್ಲುತ್ತದೆ. ಪೆನ್ಸಿಲ್ ಗೆರೆಯನ್ನು ರಬ್ಬರಿನಿಂದ ಅಳಿಸಿದಾಗ ಎಳೆಎಳೆಯಾಗಿ ಪುಡಿ ಉದುರುವಂತೆ ರೇಸಿನ ಟೈರುಗಳಿಂದಲೂ ರಬ್ಬರ್ ಕಳಚಿ ಬೀಳುತ್ತದೆ. ಎಲ್ಲರೂ ಓಡುವ ಗೆರೆಯಿಂದ ಅದು ಸಿಡಿದು ಬದಿಗೆ ಗುಡ್ಡೆಯಾಗುತ್ತದೆ. ಇದಕ್ಕೆ ಮಾರ್ಬಲ್ಸ್ ಎನ್ನುತ್ತಾರೆ, ಅಂದರೆ ಗೋಲಿಗಳು. ಅದರ ಮೇಲೆ ಗಾಲಿ ಇಟ್ಟರೆ ರಾಗಿ ಚೆಲ್ಲಿದ ನೆಲದ ಮೇಲೆ ಕಾಲಿಟ್ಟಂತೆ. ರೇಸಿನ ಮೊದಲಲ್ಲಿ ಅಗಲವಿದ್ದ ರಸ್ತೆ ಕೊನೆಗೆ ಬರುವ ಹೊತ್ತಿಗೆ, ಟೈರ್ ಹೆಚ್ಚು ಸವೆಯುವ ಸರ್ಕ್ಯೂಟುಗಳಲ್ಲಿ, ಒಂದೇ ಕಾರಿನಷ್ಟು ಕಿರಿದಾಗಿರುತ್ತದೆ.

ಇನ್ನು ಗಾಳಿ. ವಿಜಯಪುರದ ಸೈಕಲ್ ಹುಡುಗರನ್ನು ರಸ್ತೆಯಲ್ಲಿ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಎದುರುಗಾಳಿಗೆ ಒಬ್ಬ ಮುಂದೆ ತುಳಿಯುತ್ತಾನೆ, ಉಳಿದವರು ಅವನ ಹಿಂದೆ ಗಾಲಿಗೆ ಗಾಲಿ ಹತ್ತಿಸಿಕೊಂಡು ಮರೆಯಲ್ಲಿ ಸಾಗುತ್ತಾರೆ. ಮುಂದಿನವನು ದಣಿದಾಗ ಜಾಗ ಬದಲಿಸುತ್ತಾರೆ. ರೇಸಿನ ಕಾರಿಗೂ ನೇರ ರಸ್ತೆಯಲ್ಲಿ ಆ ಮರೆ ಲಾಭವೇ. 1971ರಲ್ಲಿ ಇಟಲಿಯ ಮೊಂಜಾ ಸರ್ಕ್ಯೂಟಿನಲ್ಲಿ ಒಬ್ಬರ ಮರೆಯಲ್ಲಿ ಒಬ್ಬರು ಓಡಿ ಮೊದಲ ಐದು ಕಾರುಗಳು 0.61 ಸೆಕೆಂಡಿನೊಳಗೆ ಗೆರೆ ದಾಟಿದವು. ಗೆದ್ದ ಪೀಟರ್ ಗೆಥಿನ್ ಅವರಿಗೂ ಎರಡನೆಯವರಿಗೂ ನಡುವೆ ಇದ್ದದ್ದು ಸೆಕೆಂಡಿನ ನೂರನೇ ಒಂದು ಪಾಲು. ಮರುವರ್ಷ ಅಲ್ಲಿ ಶಿಕೇನ್‌ಗಳು ಬಂದವು. ಸೈಕಲ್ಲಿಗೂ ಇಂದಿನ ಕಾರಿಗೂ ಇರುವ ವ್ಯತ್ಯಾಸ ತಿರುವಿನಲ್ಲಿ ಗೊತ್ತಾಗುತ್ತದೆ. ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವುದು ಅದರ ಮೈಮೇಲೆ ಮತ್ತು ಕೆಳಗೆ ಹರಿಯುವ ಗಾಳಿ. ಮುಂದಿನ ಕಾರು ಆ ಗಾಳಿಯನ್ನು ಕದಡಿಬಿಟ್ಟರೆ ಹಿಂದಿನದಕ್ಕೆ ಒತ್ತುವ ಬಲವೇ ಕಡಿಮೆಯಾಗುತ್ತದೆ. ಫಾರ್ಮುಲಾ ಒನ್ ಸಂಸ್ಥೆಯೇ ಹೊರಗಿಟ್ಟ ಲೆಕ್ಕದಂತೆ 2021ರ ತನಕದ ಕಾರುಗಳು 20 ಮೀಟರ್ ಹಿಂದಿದ್ದಾಗ ಆ ಬಲದ 35 ಶೇಕಡಾವನ್ನು, 10 ಮೀಟರ್ ಹಿಂದಿದ್ದಾಗ 46 ಶೇಕಡಾವನ್ನು ಕಳೆದುಕೊಳ್ಳುತ್ತಿದ್ದವು. 2022ರ ಹೊಸ ವಿನ್ಯಾಸದಲ್ಲಿ ಅದು 4 ಮತ್ತು 18 ಶೇಕಡಾಕ್ಕೆ ಇಳಿಯುವುದೆಂದು ಹೇಳಲಾಗಿತ್ತು. ಆಮೇಲಿನ ವರ್ಷಗಳಲ್ಲಿ ತಂಡಗಳು ಕಾರನ್ನು ತಿದ್ದುತ್ತ ಹೋದಂತೆ, ಹಿಂಬಾಲಿಸುವುದು ಮತ್ತೆ ಕಷ್ಟವಾಯಿತೆಂದು ಚಾಲಕರು ಹೇಳತೊಡಗಿದರು.

ಒತ್ತುವ ಬಲ ಕಡಿಮೆಯಾದರೆ ಟೈರು ಜಾರುತ್ತದೆ, ಜಾರಿದರೆ ಕಾಯುತ್ತದೆ, ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಉದ್ದನೆಯ ವೇಗದ ತಿರುವಿನಲ್ಲಿ ಹತ್ತಿರ ಹಿಂಬಾಲಿಸಲು ಹೋದವನು ತನ್ನ ಟೈರನ್ನೇ ಬೆಲೆಯಾಗಿ ಕೊಡುತ್ತಾನೆ, ಮತ್ತು ಓವರ್‌ಟೇಕ್ ಮಾಡಬೇಕಾದ ಹೊತ್ತಿಗೆ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಬಾರ್ಸಿಲೋನಾದಲ್ಲಿ ಹಲವು ವರ್ಷ ಆದದ್ದು ಇದೇ. ಮುಖ್ಯ ನೇರ ರಸ್ತೆಗೆ ಮುಂಚಿನ ಎರಡು ವೇಗದ ಬಲ ತಿರುವುಗಳಲ್ಲಿ ಹಿಂಬಾಲಿಸಲಾಗುತ್ತಿಲ್ಲವೆಂದು 2007ರಲ್ಲಿ ಅಲ್ಲೊಂದು ಶಿಕೇನ್ ಇಟ್ಟರು. ಹಿಂದಿನವನು ಹತ್ತಿರ ಬಂದರೂ ಅಬುಧಾಬಿಯ ಲೆಕ್ಕವೇ ಇಲ್ಲೂ ನಡೆಯಿತು. 2023ರಲ್ಲಿ ಅದನ್ನು ತೆಗೆದು ಹಳೆಯ ತಿರುವುಗಳಿಗೇ ಮರಳಿದರು. ಕಾರುಗಳು ಮತ್ತೆ ವೇಗವಾಗಿ ಹರಿದವು, ಜೊತೆಗೆ ಎಡಗಡೆಯ ಮುಂದಿನ ಟೈರಿನ ಹೊರೆಯೂ ಹೆಚ್ಚಿತು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಕುಗ್ಗುವ ಕೌದಿಯಂತೆ ಇದು.

ನಕ್ಷೆ ಕೊಡದ್ದನ್ನು ನಿಯಮದಿಂದ ಪಡೆಯಲು ಹೋದರೆ ಏನಾಗುತ್ತದೆ ಎಂಬುದನ್ನು ಮೊನಾಕೊ ತೋರಿಸಿತು. 3.337 ಕಿಲೋಮೀಟರಿನ ಆ ಊರ ಬೀದಿಗಳಲ್ಲಿ ಎರಡು ಕಾರು ಜೊತೆಯಾಗಿ ಹೋಗುವ ಜಾಗವೇ ಅಪರೂಪ. 2024ರಲ್ಲಿ ಮೊದಲ ಸುತ್ತಿನ ಅಪಘಾತಕ್ಕೆ ರೇಸು ನಿಂತಾಗ ಎಲ್ಲರಿಗೂ ಟೈರ್ ಬದಲಿಸಲು ಅವಕಾಶ ಸಿಕ್ಕಿತು. ಆಮೇಲೆ ಮುಂದಿನವರು ಟೈರ್ ಉಳಿಸಲು ನಿಧಾನವಾಗಿ ಓಡಿದರು, ಹಿಂದಿನವರು ದಾಟಲಾರದೆ ಓಡಿದರು, ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲೇ ಮುಗಿಸಿದರು. ಮರುವರ್ಷ ಕನಿಷ್ಠ ಮೂರು ಜೊತೆ ಟೈರ್ ಬಳಸಲೇಬೇಕೆಂಬ ನಿಯಮ ತಂದರು. ಕೆಲವು ತಂಡಗಳು ತಮ್ಮ ಒಬ್ಬ ಚಾಲಕನಿಂದ ಬೇಕೆಂದೇ ನಿಧಾನವಾಗಿ ಓಡಿಸಿ, ಇನ್ನೊಬ್ಬನಿಗೆ ಪಿಟ್‌ಗೆ ಹೋಗಿ ಬರುವಷ್ಟು ಅಂತರ ಮಾಡಿಕೊಟ್ಟವು. ದಾಟಲು ಜಾಗವಿಲ್ಲದ ರಸ್ತೆಯಲ್ಲಿ ಟೈರಿನ ವ್ಯತ್ಯಾಸ ಎಷ್ಟಿದ್ದರೂ ಅದು ಹಿಂದಿನವನ ಸಂಕಟವಾಗಿಯೇ ಉಳಿಯುತ್ತದೆ.

ಟೈರನ್ನು ಮಿತಿಮೀರಿ ಕೊಲ್ಲುವ ನಕ್ಷೆಯೂ ರೇಸನ್ನು ಕೊಲ್ಲುತ್ತದೆ. 2005ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಹದಿಮೂರನೆಯ ತಿರುವಿನಲ್ಲಿ, ಓರೆಯಾಗಿ ಎತ್ತಿ ಕಟ್ಟಿದ ಆ ವೇಗದ ಬಾಗಿನಲ್ಲಿ, ಮಿಷೆಲಿನ್ ಟೈರುಗಳು ತಡೆಯಲಾರವೆಂದು ಅಭ್ಯಾಸದ ದಿನವೇ ಗೊತ್ತಾಯಿತು. ಓರೆ ತಿರುವು ಕಾರನ್ನು ಪಕ್ಕಕ್ಕೆ ತಳ್ಳುವುದರ ಜೊತೆಗೆ ಕೆಳಕ್ಕೂ ಅದುಮುತ್ತದೆ. ಟೈರಿನ ಪಕ್ಕದ ಗೋಡೆಗೆ ಎರಡು ಕಡೆಯ ಹೊಡೆತ. ರೇಸಿನ ದಿನ ಇಪ್ಪತ್ತರಲ್ಲಿ ಹದಿನಾಲ್ಕು ಕಾರುಗಳು ಪಿಟ್‌ಗೆ ಮರಳಿದವು, ಬೇರೆ ಕಂಪನಿಯ ಟೈರಿನ ಆರೇ ಕಾರುಗಳು ಓಡಿದವು. 2023ರಲ್ಲಿ ಕತಾರಿನ ಲುಸೈಲ್‌ನಲ್ಲಿ ತಿರುವಿನ ಅಂಚಿನ ಚೂಪು ಕಟ್ಟೆಗಳು ಟೈರಿನ ಒಳಪದರಗಳನ್ನು ಬಿಡಿಸುತ್ತಿವೆಯೆಂದು ತಿಳಿದು, ಒಂದು ಜೊತೆಗೆ 18 ಸುತ್ತು ಎಂಬ ಮಿತಿ ಹಾಕಬೇಕಾಯಿತು. 57 ಸುತ್ತಿನ ರೇಸು ಅದು. ಯಾರು ಯಾವಾಗ ಟೈರ್ ಬದಲಿಸಬೇಕೆಂಬ ಆಟವೇ ಹೆಚ್ಚುಕಡಿಮೆ ಅಲ್ಲಿಗೆ ಮುಗಿದುಹೋಯಿತು.

ಕಾಕಾ ಅಂಗಡಿ ಮಾರಿ ಕೆಲವು ವರ್ಷವಾಯಿತು. ಈಗ ರೇಸು ಇರುವ ಭಾನುವಾರ ನಮ್ಮ ಮನೆಗೇ ಬರುತ್ತಾರೆ. ಜಪಾನಿನ ರೇಸು ನಮಗೆ ಬೆಳಿಗ್ಗೆ ಹತ್ತೂವರೆಗೆ ಶುರುವಾಗುವುದರಿಂದ, ಸುಜುಕಾದ ದಿನ ತಿಂಡಿಯೂ ಇಲ್ಲೇ. ಯಾರು ಯಾವ ತಂಡದವರೆಂದು ಅವರು ಇಂದಿಗೂ ಹೆಸರು ಹಿಡಿದು ಹೇಳಲಾರರು. ಇಬ್ಬರು ಹತ್ತಿರ ಬಂದಾಗ ವೀಕ್ಷಕ ವಿವರಣೆಯವರ ದನಿ ಏರುತ್ತದೆ, ನಾನು ನೇರ ರಸ್ತೆಯ ಕೊನೆಯನ್ನು ಕಾಯುತ್ತೇನೆ. ಕಾಕಾನ ಕಣ್ಣು ಅದಕ್ಕೂ ಮುಂಚಿನ ತಿರುವಿನಲ್ಲಿ, ಹಿಂದಿನ ಕಾರಿನ ಹಿಂದಿನ ಗಾಲಿಯ ಮೇಲೆ ಇರುತ್ತದೆ. ಆ ಗಾಲಿ ಹೊರಬೀಳುವಾಗ ಒಂದಿಷ್ಟು ಪಕ್ಕಕ್ಕೆ ಜಾರಿ ಕಾರಿನ ಬೆನ್ನು ಅದುರಿದರೆ, "ಈ ಸುತ್ತಿಗೆ ಆಗೂದಿಲ್ಲ ಬಿಡು" ಎಂದು, ಕಾರುಗಳು ನೇರ ರಸ್ತೆಗೆ ಬೀಳುವ ಮೊದಲೇ ಚಹಾದ ಕಪ್ಪಿಗೆ ಕೈ ಹಾಕುತ್ತಾರೆ.